ಪುಸ್ತಕವೋ ಕತ್ತಿಯೋ

ಶಾರದೆಯನ್ನು ಕೂರಿಸುವ ಹಿಂದಿನ ದಿನ ಕೆಳಕೇರಿಯ ಶಾಲೆಯ ಜಗಲಿಯಲ್ಲಿ ಒಂದು ಪ್ರಶ್ನೆ ಬಂದು ಕೂತಿತು. ಪಂಚಾಂಗ ತಿರುವಿದರೆ ಉತ್ತರ ಸಿಗುವ ಪ್ರಶ್ನೆಯಲ್ಲ. ಹಿರಿಯರನ್ನು ಕೇಳೋಣವೆಂದರೆ ಹಿರಿಯರ ಹಿರಿಯರೂ ಇಂಥದ್ದನ್ನು ಕಂಡವರಲ್ಲ. ಶಾಲೆಗೆ ಹೊಸದಾಗಿ ಬಂದಿರುವ ಟ್ಯಾಬು ಇದೆಯಲ್ಲ, ಅದು ಪುಸ್ತಕವೋ ಕತ್ತಿಯೋ?

ನಗುವಂಥ ಮಾತಲ್ಲ ಇದು. ಪುಸ್ತಕವಾದರೆ ಸಪ್ತಮಿಯಂದು ಶಾರದೆಯ ಮುಂದೆ ಇಡಬೇಕು. ಇಟ್ಟ ಮೇಲೆ ದಶಮಿಯಂದು ಅವಳನ್ನು ಎಬ್ಬಿಸುವ ತನಕ ಮುಟ್ಟುವಂತಿಲ್ಲ, ತೆರೆಯುವಂತಿಲ್ಲ, ಒಂದಕ್ಷರ ಓದುವಂತಿಲ್ಲ. ಆ ದಿನಗಳಲ್ಲಿ ಓದುವವಳು ಅವಳು, ನಾವು ಸುಮ್ಮನಿರಬೇಕು. ಕತ್ತಿಯಾದರೆ ಲೆಕ್ಕ ಬೇರೆ. ನವಮಿಯ ಬೆಳಿಗ್ಗೆ ತೊಳೆದು, ಕುಂಕುಮ ಹಚ್ಚಿ, ಹೂವು ಏರಿಸಿ, ಆರತಿ ಬೆಳಗಿದರೆ ಮುಗಿಯಿತು. ಮಧ್ಯಾಹ್ನಕ್ಕೆ ಮತ್ತೆ ಅದರ ಕೆಲಸಕ್ಕೆ ಅದು.

"ಕತ್ತಿಯೇ ಅದು, ಬರ್ಕೊಳ್ಳಿ ಅಕ್ಕೋರೇ," ಎಂದ ದುರ್ಗಪ್ಪ. ಶಾಲಾ ಸಮಿತಿಯ ಅಧ್ಯಕ್ಷ ಅವನು. ಹಿರೇಗುತ್ತಿ ಕ್ರಾಸಿನಿಂದ ಕೆಳಕೇರಿಗೆ ರಿಕ್ಷಾ ಓಡಿಸುವವನೂ ಅವನೇ. "ಚಾರ್ಜಿಗೆ ಹಾಕೂದು ಪುಸ್ತಕಕ್ಕಾ? ಕರೆಂಟು ಕುಡೀತದೆ ಅಂದ್ರೆ ಮಶೀನೇ. ನನ್ನ ರಿಕ್ಷಾದ ಸಂಗಡ ಇಟ್ಬಿಡುವ."

"ಎಂತದೋ ನಿಂದು ತಲೆ!" ಎಂದಳು ಹೊನ್ನಮ್ಮ. ಕೇರಿಯಲ್ಲಿ ಅವಳಿಗಿಂತ ಹಿರಿಯರಿಲ್ಲ. ಮದುವೆಯಾಗಲಿ ಹೊಸ ಅಕ್ಕಿಯ ಹೊಸತಿನ ಊಟವಾಗಲಿ, ಹಾಡಿಗೆ ಮೊದಲ ದನಿ ಅವಳದು. "ಮಕ್ಳು ಅದನ್ನ ನೋಡಿ ಓದ್ತಾವೋ ಇಲ್ವೋ? ಓದೂದೆಲ್ಲ ಶಾರದೆಯದು. ನಿನ್ನ ರಿಕ್ಷಾ ನೋಡಿ ಯಾರಾದ್ರೂ ಓದ್ತಾರನಾ?"

"ರಿಕ್ಷಾದ ಹಿಂದೆ ಬರ್ಸಿದ್ದೆನಲ್ಲೇ, 'ತಾಯಿಯ ಆಶೀರ್ವಾದ' ಹೇಳಿ!"

ಮಕ್ಕಳು ಹೋ ಎಂದು ನಕ್ಕವು. ವೀಣಾ ಅಕ್ಕೋರು ನಗಲಿಲ್ಲ. ಕುಮಟೆಯಿಂದ ದಿನಾ ಬಸ್ಸಿಗೆ ಬಂದು ಈ ಒಂದು ಕೋಣೆಯ ಶಾಲೆಯನ್ನು ನಡೆಸುವ ಶಿಕ್ಷಕಿ ಅವರು. ಮನಸ್ಸಿನೊಳಗೇ 'ತಾಯಿ, ಕತ್ತಿ ಆಗಲಿ, ಕತ್ತಿ ಆಗಲಿ' ಎಂದುಕೊಳ್ಳುತ್ತಿದ್ದರು. ಅದಕ್ಕೆ ಕಾರಣವಿತ್ತು.

ಶ್ರಾವಣದಲ್ಲಿ ಕುಮಟೆಯ ಒಂದು ಟ್ರಸ್ಟಿನವರು ಇಂಥ ಐದು ಟ್ಯಾಬುಗಳನ್ನು ತಂದು ಕೊಟ್ಟಿದ್ದರು. ಕೇರಿಯ ಮಕ್ಕಳು ನೋಡಿದ ದಿನವೇ, ಸ್ಲೇಟಿನ ಹಾಗಿದೆಯೆಂದು ಅದಕ್ಕೆ 'ಮಾತಾಡೋ ಪಾಟಿ' ಎಂದು ಹೆಸರಿಟ್ಟವು. ಪಾಟಿಯೊಳಗೆ ಒಬ್ಬ ಹೆಂಗಸಿನ ದನಿ. "ಮಕ್ಕಳೇ, ಚಿತ್ರವನ್ನು ಗಮನಿಸಿರಿ. ಪದವನ್ನು ಓದಿರಿ," ಎಂದು ಇಸ್ತ್ರಿ ಹಾಕಿದ ಸೀರೆಯಂಥ ಕನ್ನಡದಲ್ಲಿ ಮಾತಾಡುತ್ತಿತ್ತು. ಮೂರ್ನಾಲ್ಕು ದಿನಗಳಲ್ಲಿ ಮಕ್ಕಳ ನಾಲಿಗೆಗೂ ಅದೇ ಇಸ್ತ್ರಿ ಬಿತ್ತು. "ಅಜ್ಜಿ, ದಯವಿಟ್ಟು ನನಗೆ ಗಂಜಿಯನ್ನು ಬಡಿಸಿರಿ" ಎಂದು ಒಂದು ಮಗು ಕೇಳಿದಾಗ, ಅದರ ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದು, ಯಾರೋ ಸಾಹೇಬರು ಬಂದಿರಬೇಕೆಂದು ಅಂಗಳ ನೋಡಿದಳಂತೆ.

ಪಾಟಿಯ ಮೂಲೆಯಲ್ಲಿ ಒಂದು ಸಣ್ಣ ದೀಪದ ಚಿತ್ರ. ಶಾಲೆಯ ಯಾವುದಾದರೂ ಒಂದು ಮಗು ಆ ದಿನದ ಓದು ಮುಗಿಸಿದರೆ ದೀಪ ಉರಿಯುತ್ತದೆ. ಒಂದು ದಿನ ತಪ್ಪಿದರೂ ಆರುತ್ತದೆ. ಪಾಟಿ ಕೊಟ್ಟ ದಿನ ಟ್ರಸ್ಟಿನ ನರೇಶ ಹೇಳಿ ಹೋಗಿದ್ದ: "ದಸರೆಯ ದಶಮಿ ತನಕ ದೀಪ ಆರದೆ ಇದ್ರೆ ಪಾಟಿ ನಿಮ್ಮ ಶಾಲೆಗೇ. ಆರಿದ್ರೆ ಬಾಡ ಊರಿನ ಶಾಲೆಗೆ ಕೊಡ್ಬೇಕು ಅಕ್ಕೋರೇ, ಅಲ್ಲಿಯವರು ಕಾದು ಕೂತಿದ್ದಾರೆ." ಅದಕ್ಕಾಗಿಯೇ ರಜೆಯಲ್ಲೂ ಅಕ್ಕೋರು ದಿನಾ ಬಂದು ಬೀಗ ತೆಗೆಯುತ್ತಿದ್ದರು, ಮಕ್ಕಳು ಬಂದು ಓದಿ ಹೋಗುತ್ತಿದ್ದವು.

ಪಾಟಿ ಬಾಡಕ್ಕೆ ಹೋದರೆ ಬಾಡದ ಮಕ್ಕಳು ಓದುತ್ತವೆ, ಅವೂ ಶಾರದೆಯ ಮಕ್ಕಳೇ. ಅಕ್ಕೋರಿಗೆ ಅದರಲ್ಲಿ ಸಂಕಟವಿರಲಿಲ್ಲ. ಸಂಕಟವಿದ್ದದ್ದು ಬೆಳ್ಳಿಯದು.

ಬೆಳ್ಳಿ ಹೊನ್ನಮ್ಮನ ಮೊಮ್ಮಗಳು, ಮೂರನೇ ಇಯತ್ತೆ. ಒಂದನೇ ತರಗತಿಯಲ್ಲಿದ್ದಾಗ ಆಗಸ್ಟ್ ಹದಿನೈದರಂದು ಧ್ವಜದ ಕೆಳಗೆ ನಿಂತು ಎರಡು ಸಾಲು ಹೇಳಬೇಕಿತ್ತು. ಹೇಳುವಾಗ ಮನೆಯ ಮಾತೊಂದು ನಡುವೆ ನುಗ್ಗಿತು, ಸೇರಿದವರೆಲ್ಲ ನಕ್ಕರು. ಅಂದು ಮುಚ್ಚಿದ ಬಾಯಿ ಶಾಲೆಯಲ್ಲಿ ಮತ್ತೆ ತೆರೆದಿರಲಿಲ್ಲ. ಮನೆಯಲ್ಲಿ ಮಾತಿನ ಮಳೆ, ಶಾಲೆಯ ಮೆಟ್ಟಿಲು ಹತ್ತಿದರೆ ಮೌನ. ಅಕ್ಕೋರು ಬೆಲ್ಲ ಕೊಟ್ಟು ನೋಡಿದರು, ಗದರಿ ನೋಡಿದರು, ಶಾಂತಿಕಾ ಪರಮೇಶ್ವರಿಗೆ ಹರಕೆ ಹೊತ್ತೂ ನೋಡಿದರು. ಪಾಟಿ ಬಂದ ಮೇಲೆ ಒಂದು ದಿನ ಬಾಗಿಲ ಹಿಂದಿನಿಂದ ಪಿಸುಮಾತು ಕೇಳಿ ಇಣುಕಿದರೆ, ಬೆಳ್ಳಿ ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದಾಳೆ! ಪಾಟಿಗೆ ಮುಖವಿಲ್ಲ, ಹಾಗಾಗಿ ನಗುವುದಿಲ್ಲ. ತಪ್ಪಿದರೆ "ಮತ್ತೊಮ್ಮೆ ಹೇಳಿ" ಎನ್ನುತ್ತದೆ, ಅಷ್ಟೇ. ಅಂದಿನಿಂದ ಬೆಳ್ಳಿ ದಿನಾ ಬಾಗಿಲ ಹಿಂದೆ ಕೂತು ಓದುತ್ತಿದ್ದಳು. ಯಾರಾದರೂ ಹತ್ತಿರ ಬಂದರೆ ಏಡಿಯ ಹಾಗೆ ಬಿಲ ಸೇರುತ್ತಿದ್ದಳು. ಈಗಷ್ಟೇ ಹೊತ್ತಿದ ಈ ಬತ್ತಿಗೆ ಗಾಳಿ ತಾಗಬಾರದು ಎನ್ನುವುದೊಂದೇ ಅಕ್ಕೋರ ಆಸೆ.

ಜಗಲಿಯಲ್ಲಿ ವಾದ ಮುಗಿಯುವಂತೆ ಕಾಣಲಿಲ್ಲ. ಆಗ ಪ್ರಣಿತಾ ಎಂಬ ಚೂಟಿ ಹುಡುಗಿ, "ಅದರ ಹತ್ರನೇ ಕೇಳುವ!" ಎಂದು ಪಾಟಿ ತಂದಳು. ಅದರಲ್ಲಿ ನಾವು ಆಡಿದ್ದನ್ನು ಅಕ್ಷರದಲ್ಲಿ ಬರೆದು ತೋರಿಸುವ ಒಂದು ಆಟವಿತ್ತು.

ಹೊನ್ನಮ್ಮ ಸೆರಗು ಸರಿಮಾಡಿಕೊಂಡು, ಪಾಟಿಗೆ ಬಾಯಿ ತಾಗುವಷ್ಟು ಬಗ್ಗಿ ಕೇಳಿದಳು: "ಎಂತೇ ನೀನು?"

ಪಾಟಿ ಸ್ವಲ್ಪ ಯೋಚಿಸಿತು. ಆಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿತು. ಪ್ರಣಿತಾ ಓದಿದಳು: "ಯಂತ್ರ ನೀನು."

ದುರ್ಗಪ್ಪ ತೊಡೆ ತಟ್ಟಿಕೊಂಡು ಎದ್ದ. "ಕೇಳ್ತಾ ಹೊನ್ನಮ್ಮಕ್ಕಾ? ಯಂತ್ರ! ಅದೇ ಹೇಳ್ತು! ಮುಗೀತು, ನನ್ನ ರಿಕ್ಷಾದ ಸಂಗಡ!"

"ನಿಲ್ಲು ಮಾರಾಯ," ಎಂದಳು ಹೊನ್ನಮ್ಮ. "ಅದು 'ನಾನು ಯಂತ್ರ' ಅಂದಿದ್ದಾ? 'ಯಂತ್ರ ನೀನು' ಅಂದದ್ದು. ನಂಗೇ ಹೇಳೂದು ಅದು! ಎಂತ ಹೇಳಿ ಕೇಳಿದ್ದೂ ತಿಳೀಲಿಲ್ಲ, ಹಿರಿಯರಿಗೆ ಎಂತ ಹೇಳ್ಬೇಕು ಹೇಳೂದೂ ತಿಳೀಲಿಲ್ಲ. ಇಷ್ಟು ದಿನ ಮಕ್ಳಿಗೆ ಕಲ್ಸಿದ್ದು ಇದೇಯಾ?" ಅವಳು ಪಾಟಿಯತ್ತ ಬೆರಳು ತೋರಿದಳು. "ಇದನ್ನ ಶಾರದೆಯ ಕಾಲಬುಡಕ್ಕೇ ಇಡಿ ಅಕ್ಕೋರೇ. ಅಲ್ಲಿ ಕೂತ್ಕೊಳ್ಲಿ. ಬುದ್ಧಿ ಬರ್ತದೆ."

ತೀರ್ಪು ಆದಂತೆಯೇ. ಅವಳ ಎದುರು ಮಾತಾಡುವ ಶಕ್ತಿ ಅಧ್ಯಕ್ಷನಿಗೂ ಇರಲಿಲ್ಲ.

ಹಬ್ಬದ ದಿನಗಳನ್ನು ಲೆಕ್ಕದಿಂದ ಬಿಡಬಹುದೇ ಎಂದು ಅಕ್ಕೋರು ನರೇಶನಿಗೆ ಫೋನು ಮಾಡಿ ನೋಡಿದರು. ಒಳ್ಳೆಯ ಹುಡುಗ ಅವನು, ಅವನಿಗೂ ಬೇಸರವಾಯಿತು. "ನಂಗೆ ತಿಳೀತದೆ ಅಕ್ಕೋರೇ. ಆದ್ರೆ ದೀಪದ ಲೆಕ್ಕ ಅದು ತಾನೇ ಇಟ್ಕೊಳ್ತದೆ. ಅದಕ್ಕೆ ಅಷ್ಟಮಿಯೂ ಗೊತ್ತಿಲ್ಲ, ನವಮಿಯೂ ಗೊತ್ತಿಲ್ಲ."

ಸಪ್ತಮಿಯಂದು ಬೆಳಿಗ್ಗೆ ಬೇಗ ಮಕ್ಕಳು ಆ ದಿನದ ಓದು ಮುಗಿಸಿದವು. ಆಮೇಲೆ ಬೆಂಚಿನ ಮೇಲೆ ಬಿಳಿ ವಸ್ತ್ರ ಹಾಸಿ ಶಾರದೆಯ ಪಟ ಇಟ್ಟು, ಪುಸ್ತಕಗಳನ್ನು ಪೇರಿಸಿ, ಅವುಗಳ ಪಕ್ಕ ಪಾಟಿಗಳನ್ನು ಒಂದರ ಮೇಲೊಂದು ಇಟ್ಟರು. ನಾಲ್ಕನ್ನು ಅಕ್ಕೋರು ಆಫ್ ಮಾಡಿ ಇಟ್ಟರು. ಮೇಲಿನದು ಮಾತ್ರ ಗೋಡೆಯ ವಯರಿಗೆ ಚಾರ್ಜಿಗೆ ಸಿಕ್ಕಿಸಿದ್ದು. ಮಂಗಳಾರತಿಯ ಗಡಿಬಿಡಿಯಲ್ಲಿ ಹಾಗೇ ಉಳಿಯಿತು. ಹೊನ್ನಮ್ಮ ಅದರ ಮೇಲೆ ಒಂದು ಗೊಂಡೆಹೂವು ಇಟ್ಟು, "ಸುಮ್ನೆ ಕೂತ್ಕೊ ಹಾಂ," ಎಂದು ಹೇಳಿ ಹೋದಳು.

ಅಷ್ಟಮಿಯ ದಿನ ಅಕ್ಕೋರು ಎಲ್ಲರಿಗಿಂತ ಮೊದಲು ಬಂದರು. ಬೀಗ ತೆಗೆದು ದೀಪ ಹಚ್ಚಿದರು. ಊದಿನಕಡ್ಡಿಯ ಹೊಗೆ ಪಟದ ಮುಂದೆ ಮೆಲ್ಲಗೆ ಏಳುತ್ತಿತ್ತು. ಕೋಣೆಯಲ್ಲಿ ಯಾರೂ ಇಲ್ಲ. ಮೇಲಿನ ಪಾಟಿ ಕೈಗೆ ಎಟಕುವಷ್ಟೇ ದೂರ. ಎರಡು ಸಾಲು ಓದಿದರೆ ಸಾಕು, ದೀಪ ಉಳಿಯುತ್ತದೆ, ಪಾಟಿ ಉಳಿಯುತ್ತದೆ, ಬೆಳ್ಳಿಯ ಪಿಸುಮಾತು ಉಳಿಯುತ್ತದೆ. ಯಾರು ನೋಡುತ್ತಾರೆ?

ಕೈ ಮುಂದೆ ಹೋಯಿತು. ಪಟದಲ್ಲಿ ಶಾರದೆ ವೀಣೆಯ ತಂತಿಯ ಮೇಲೆ ಬೆರಳಿಟ್ಟುಕೊಂಡು ತನ್ನ ಪಾಡಿಗೆ ತಾನಿದ್ದಳು. ಅಕ್ಕೋರಿಗೆ ಚಿಕ್ಕಂದಿನ ನವರಾತ್ರಿಗಳು ನೆನಪಾದವು. ಓದುವ ಚಟದ ಹುಡುಗಿ ಅವರು. ಆ ದಿನಗಳಲ್ಲಿ ಶೇಂಗಾ ಕಟ್ಟಿದ ಕಾಗದದ ಮೇಲಿನ ಅಕ್ಷರ ಕಂಡರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಾಗೆ ಮುಚ್ಚಿದ ಕಣ್ಣು ದಶಮಿಯಂದು ತೆರೆದರೆ ಹಳೆಯ ಪಾಠವೂ ಆಗಷ್ಟೇ ಮಿಂದು ಬಂದಂತೆ ಕಾಣುತ್ತಿತ್ತು. ಆ ಹೊಸತನ ಕೊಟ್ಟವಳ ಹತ್ತಿರವೇ ಕಳ್ಳತನ ಮಾಡುವುದೇ? ಕೈ ಹಿಂದೆ ಬಂತು. ಬಂದ ಕೈ ಇನ್ನೊಂದನ್ನು ಸೇರಿ ತಾನಾಗಿ ಮುಗಿಯಿತು.

"ಪಾಟಿ ನಿಂದು, ದೀಪ ನಿಂದು, ಹುಡುಗಿಯೂ ನಿಂದೇ ತಾಯಿ," ಎಂದರು ಅಕ್ಕೋರು. "ನಾನು ಅವಲಕ್ಕಿ ಕಲಸ್ತೆ."

ಅಷ್ಟು ಹೊತ್ತಿಗೆ ಮಕ್ಕಳು ಬಂದವು. ಹಿಂದೆಯೇ ಹೊನ್ನಮ್ಮ, ಅವಳ ಸೆರಗಿನ ಹಿಂದೆ ಬೆಳ್ಳಿ. ಭಟ್ಟರು ಬರುವುದು ದಶಮಿಯಂದು ಮಾತ್ರ. ನಡುವಿನ ದಿನಗಳಲ್ಲಿ ಮಕ್ಕಳದೇ ಪೂಜೆ, ಮಕ್ಕಳದೇ ಭಜನೆ. ದುರ್ಗಪ್ಪ ತೆಂಗಿನಕಾಯಿ ತಂದಿದ್ದ. ಆರತಿ ಎತ್ತಿ ಗಂಟೆ ಬಾರಿಸಿ ನಿಲ್ಲಿಸಿದ್ದೇ ತಡ, ಹೂವಿನ ರಾಶಿಯೊಳಗಿಂದ ಒಂದು ಹೆಣ್ಣು ದನಿ ಎದ್ದಿತು.

"ಮಕ್ಕಳೇ, ಕಥೆಯ ಹೊತ್ತಾಯಿತು. ನನಗೆ ಯಾರಾದರೂ ಒಂದು ಕಥೆ ಹೇಳುವಿರಾ?"

ದುರ್ಗಪ್ಪನ ಕೈಯ ಕಾಯಿ ಕೆಳಗೆ ಬಿತ್ತು. "ಅಮ್ಮಾ ತಾಯೀ!" ಎಂದು ಅವನು ಅಡ್ಡಬಿದ್ದೇಬಿಟ್ಟ.

"ಏಳೋ, ಅದು ಶಾರದೆ ಅಲ್ಲ, ಪಾಟಿ!" ಎಂದಳು ಪ್ರಣಿತಾಳ ತಾಯಿ ಸುಪ್ರಿಯಾ, ನಗು ತಡೆಯಲಾರದೆ.

ಅಕ್ಕೋರು ಹಣೆ ಚಚ್ಚಿಕೊಂಡರು. ಆ ಮೇಲಿನ ಪಾಟಿ ದಿನಾ ಬೆಳಿಗ್ಗೆ ಹತ್ತಕ್ಕೆ ತಾನಾಗಿ ಎದ್ದು ಹೀಗೆ ಕರೆಯುವುದು ಅವರಿಗೆ ಮರೆತೇ ಹೋಗಿತ್ತು. ಉಳಿದ ದಿನ ಆ ಹೊತ್ತಿಗೆ ಅದು ಮಕ್ಕಳ ಕೈಯಲ್ಲೇ ಇರುತ್ತಿತ್ತು; ಅದರ ಕರೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕರೆದ ಮೇಲೆ ಅದು ಕಿವಿಗೊಟ್ಟು ಕಾಯುತ್ತದೆ. ಯಾರಾದರೂ ಕಥೆ ಹೇಳಿದರೆ ಬರೆದುಕೊಳ್ಳುತ್ತದೆ. ಅದೂ ಆ ದಿನದ ಓದಿನ ಲೆಕ್ಕಕ್ಕೇ! ಅಕ್ಕೋರು ಹೊನ್ನಮ್ಮನತ್ತ ತಿರುಗಿದರು.

"ಹೊನ್ನಮ್ಮಜ್ಜೀ," ಎಂದರು ಮೆಲ್ಲಗೆ. "ಮುಟ್ಟಬಾರದು, ಓದಬಾರದು ಸರಿ. ಕಥೆ ಹೇಳ್ಬಹುದಾ?"

ಹೊನ್ನಮ್ಮ ಶಾರದೆಯನ್ನು ನೋಡಿದಳು, ಪಾಟಿಯನ್ನು ನೋಡಿದಳು. "ಪುಸ್ತಕ ಮುಚ್ಬೇಕು ಹೇಳಿದ್ದೆ, ಬಾಯಿ ಮುಚ್ಚೂಕೆ ಯಾರು ಹೇಳ್ದೋರು? ಶಾರದೆಗೆ ಕಥೆ ಹೇಳೂಕೆ ಅಡ್ಡಿಲ್ಲ. ಬುಡದಲ್ಲಿ ಕೂತದ್ದೂ ಕೇಳ್ತದಾದ್ರೆ ಕೇಳ್ಲಿ." ಅವಳು ಚಕ್ಕಳಮಕ್ಕಳ ಹಾಕಿ ಕೂತಳು. "ಒಂದೂರಾಗೆ ಒಂದು ಏಡಿ ಇದ್ದಿತ್ತು..."

ಪಾಟಿಯ ಮೇಲೆ ಅಕ್ಷರ ಮೂಡತೊಡಗಿತು. ಅರ್ಧಕ್ಕೆ ತಡೆದು ಅದು ತಾನು ಕೇಳಿದ್ದನ್ನು ಗಟ್ಟಿಯಾಗಿ ಓದಿ ಒಪ್ಪಿಸಿತು: "ಒಂದು ರಾಗಿ. ಒಂದು ಹೇಡಿ ಇದ್ದಿತು. ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿ."

"ಎಂತಾ? ನಂಗೆ ಅರ್ಥ ಆಗೂದಿಲ್ಲ ಹೇಳ್ತದಾ ಅದು?"

"ನಿನ್ನ ಮಾತು ಅದಕ್ಕೆ ಅರ್ಥ ಆಗ್ಲಿಲ್ಲ ಹೇಳ್ತದೆ ಅಜ್ಜೀ," ಎಂದಳು ಪ್ರಣಿತಾ.

ಹೊನ್ನಮ್ಮ ದನಿ ಎತ್ತರಿಸಿ, ಕಿವುಡರಿಗೆ ಹೇಳುವ ಹಾಗೆ ಬಿಡಿಬಿಡಿಸಿ ಹೇಳಿದಳು: "ಏ - ಡೀ!"

"ಹೇಡಿ," ಎಂದಿತು ಪಾಟಿ, ಬಲು ವಿನಯದಿಂದ.

ಕೋಣೆಯೆಲ್ಲ ನಗು. ದುರ್ಗಪ್ಪನಂತೂ ಕಣ್ಣೊರೆಸಿಕೊಂಡ. "ಮೊನ್ನೆ ಯಂತ್ರ, ಇವತ್ತು ಹೇಡಿ! ನಿನ್ನ ಬಿಡೂದಿಲ್ಲ ಹೊನ್ನಮ್ಮಕ್ಕಾ ಅದು!"

ಹೊನ್ನಮ್ಮ ನಗುವವಳೇ. ಆದರೆ ಈ ಸಲ ಒಂದು ಗಳಿಗೆ ಅವಳ ಮುಖ ಸಣ್ಣದಾಯಿತು. ಎಷ್ಟೋ ಮದುವೆಗಳಲ್ಲಿ ಹಾಡಿದ ನಾಲಿಗೆ ಅದು. ಆ ಸಣ್ಣ ಮುಖವನ್ನು ಕಂಡದ್ದು ಸೆರಗಿನ ಹಿಂದಿದ್ದ ಒಂದೇ ಜೋಡಿ ಕಣ್ಣು.

"ಹೇಡಿ ಅಲ್ಲ!"

ಯಾರು ಕೂಗಿದ್ದೆಂದು ಎಲ್ಲರೂ ತಿರುಗಿದರು. ಬೆಳ್ಳಿ ಎದ್ದು ನಿಂತಿದ್ದಳು. ಮುಖ ಕೆಂಡದಂತೆ ಕೆಂಪು. ಕೈ ಮುಷ್ಟಿ.

"ಹೇಡಿ ಅಲ್ಲ, ಏಡಿ! ಹೊಳೆಯಲ್ಲಿ ಇರುವ ಏಡಿ! ಸರಿಯಾಗಿ ಕೇಳಿಸಿಕೊಳ್ಳಿರಿ!"

ಅಕ್ಕೋರು ಅವಲಕ್ಕಿಯ ಕೈಯನ್ನು ಎತ್ತಿ ಎಲ್ಲರಿಗೂ 'ಸುಮ್ಮನಿರಿ' ಎಂಬಂತೆ ತೋರಿದರು. ಬೆಳ್ಳಿ ಯಾರನ್ನೂ ನೋಡಲಿಲ್ಲ. ನೆಟ್ಟಗೆ ಶಾರದೆಯ ಮುಂದೆ ಹೋಗಿ, ಪಾಟಿಯನ್ನು ಮುಟ್ಟದೆ, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಮನೆಯಲ್ಲಿ ಎಷ್ಟೋ ಸಲ ಕೇಳಿದ ಅಜ್ಜಿಯ ಕಥೆಯನ್ನು ಪಾಟಿಯ ಕನ್ನಡಕ್ಕೆ ಬದಲಿಸಿ ಹೇಳತೊಡಗಿದಳು.

"ಒಂದು ಊರಿನಲ್ಲಿ ಒಂದು ಏಡಿ ಇತ್ತು. ಅದಕ್ಕೆ ಹೊಳೆಯ ಆಚೆ ಇರುವ ಅಮ್ಮನವರನ್ನು ನೋಡಬೇಕೆಂದು ಆಸೆಯಾಯಿತು. ಆದರೆ ಅದಕ್ಕೆ ಅಡ್ಡ ನಡೆಯಲು ಮಾತ್ರ ಬರುತ್ತಿತ್ತು. ನೆಟ್ಟಗೆ ನಡೆಯುವವರೆಲ್ಲ ಅದನ್ನು ನೋಡಿ ನಕ್ಕರು..."

ಇಲ್ಲಿ ಅವಳು ಒಂದು ಕ್ಷಣ ನಿಂತಳು. "ಮುಂದೆ ಹೇಳೇ ತಂಗಿ," ಎಂದಳು ಹೊನ್ನಮ್ಮ ಹಿಂದಿನಿಂದ.

"ನೆಟ್ಟಗೆ ನಡೆಯುವವರು ನೆಟ್ಟಗೆ ಒಳಗೆ ಹೋದರು, ಬೇಡಿದರು, ಅಮ್ಮನವರಿಗೆ ಬೆನ್ನು ತೋರಿಸಿ ನೆಟ್ಟಗೆ ಹೊರಗೆ ಬಂದರು. ಏಡಿಯು ಅಮ್ಮನವರ ಕಡೆಗೇ ಮುಖ ಮಾಡಿಕೊಂಡು ಅಡ್ಡ ಅಡ್ಡ ನಡೆಯಿತು. ಹಾಗೆ ನಡೆದಾಗ ಅದು ಅಮ್ಮನವರಿಗೆ ಒಂದು ಸುತ್ತು ಬಂತು. ಒಂದು ಸಲವೂ ಕಣ್ಣು ತಪ್ಪಿಸಲಿಲ್ಲ. ಆಗ ಅಮ್ಮನವರು, 'ಇದೊಂದೇ ನನ್ನನ್ನು ಪೂರ್ತಿ ನೋಡಿದ್ದು' ಎಂದು ಹೇಳಿ, ತಮ್ಮ ಅಂಗಳದಲ್ಲಿ ರಂಗೋಲಿ ಹಾಕುವ ಕೆಲಸವನ್ನು ಏಡಿಗೆ ಕೊಟ್ಟರು. ಅದಕ್ಕೇ ನೀರು ಇಳಿದ ಮೇಲೆ ಮರಳಿನಲ್ಲಿ ಏಡಿಯ ರಂಗೋಲಿ ಇರುತ್ತದೆ."

ಪಾಟಿ ಕೊನೆಯ ಅಕ್ಷರ ಬರೆದು ಸುಮ್ಮನಾಯಿತು. ಗೊಂಡೆಹೂವಿನ ಎಸಳುಗಳ ಸಂದಿಯಲ್ಲಿ ಹಳದಿ ಬೆಳಕು ಮಿನುಗಿತು.

"ಭೇಷ್! ಬಹಳ ಸೊಗಸಾದ ಕಥೆ. ಇಂದಿನ ದೀಪ ಬೆಳಗಿತು."

ಅಕ್ಕೋರು ಪಟದ ಕಡೆ ನೋಡಿದರು. ಶಾರದೆಯ ಬೆರಳು ತಂತಿಯ ಮೇಲೆ ಇದ್ದಲ್ಲೇ ಇತ್ತು. ಆದರೂ ಅಕ್ಕೋರಿಗೆ, ಅವಳು ಈಗಷ್ಟೇ ಏನನ್ನೋ ನುಡಿಸಿ ನಿಲ್ಲಿಸಿದಂತೆ ತೋರಿತು.

ಬೆಳ್ಳಿಗೆ ಆಗ ಎಚ್ಚರವಾಯಿತು. ಸುತ್ತ ನೋಡಿದಳು: ಇಷ್ಟು ಮುಖಗಳು! ಓಡಿಹೋಗಿ ಅಜ್ಜಿಯ ಸೆರಗು ಹುಡುಕಿದಳು. ಹೊನ್ನಮ್ಮ ಸೆರಗು ಕೊಡಲಿಲ್ಲ. ಅದರಲ್ಲಿ ಅವಳೇ ಮೂಗು ಒರೆಸಿಕೊಳ್ಳುತ್ತಿದ್ದಳು.

ನವಮಿಯ ದಿನ ಹತ್ತು ಗಂಟೆಗೆ ಕೇರಿಗೆ ಕೇರಿಯೇ ಶಾಲೆಯಲ್ಲಿತ್ತು. ಪಾಟಿ ಏಳುವುದನ್ನು ನೋಡಲು ಬಂದವರು. ದುರ್ಗಪ್ಪ ರಿಕ್ಷಾಕ್ಕೆ ಮಾಲೆ ಹಾಕಿ ಬಂದವನು, "ಯಂತ್ರ ಹೇಳಿ ಅದೇ ಒಪ್ಕಂಡಿದೆ, ನಮ್ಮ ಮರ್ಯಾದೆಯೂ ಇರ್ಲಿ" ಎಂದು ಪಾಟಿಯ ಮುಂದೆ ಒಂದು ನಿಂಬೆಹಣ್ಣು ಇಟ್ಟ. ಹೊನ್ನಮ್ಮ ಇನ್ನೊಂದು ಕಥೆ ಹೇಳಿದಳು, ಬೆಳ್ಳಿ ಬದಲಿಸಿ ಹೇಳಿದಳು. ನಡುವೆ ಒಂದು ಕಡೆ ಅಜ್ಜಿ ಕಥೆ ತಪ್ಪಿದಾಗ ಮೊಮ್ಮಗಳು, "ಹಾಂಗಲ್ಲ ಅಜ್ಜಿ, ನರಿ ಮೊದ್ಲು ಬರೂದು!" ಎಂದು ಎಲ್ಲರ ಎದುರಿಗೇ ಗದರಿದಳು. ದೀಪ ಬೆಳಗಿತು.

ದಶಮಿಯಂದು ಭಟ್ಟರು ಬಂದು ಶಾರದೆಯನ್ನು ಎಬ್ಬಿಸಿದರು. ಹೊಸ ಮಕ್ಕಳನ್ನು ಅಕ್ಕಿಯ ತಟ್ಟೆಯ ಮುಂದೆ ಕೂರಿಸಿ ಬೆರಳು ಹಿಡಿದು ಅಕ್ಷರ ಬರೆಸುತ್ತಿದ್ದಾಗ ನರೇಶ ಬಂದ. ಪಾಟಿ ಒಯ್ಯಲು ಚೀಲವನ್ನೂ ತಂದಿದ್ದ, ಪಾಪ. ಮೇಲಿನ ಪಾಟಿಯ ಹೂವು ಸರಿಸಿ ನೋಡಿದ. ಗಾಜಿನ ಮೇಲೆ ಕುಂಕುಮ, ಅಂಚಿನಲ್ಲಿ ಅಕ್ಷತೆ, ಮೂಲೆಯಲ್ಲಿ ದೀಪ ನಿಶ್ಚಿಂತೆಯಿಂದ ಉರಿಯುತ್ತಿದೆ.

"ಮುಟ್ಟದೆ ಹ್ಯಾಗೆ ಓದಿದ್ರಿ? ಯಾರು ಓದಿದ್ದು?"

ಅಕ್ಕೋರು ಬಾಯಿ ತೆರೆಯುವುದರೊಳಗೆ ಉತ್ತರ ಬಂತು. "ಓದೂಕಿಲ್ಲ, ಹೇಳಿದ್ದು. ನಾನೇ," ಎಂದಳು ಬೆಳ್ಳಿ. ಮನೆಯ ಮಾತಿನಲ್ಲೇ ಎಂದಳು, ಅವನ ಮುಖ ನೋಡಿಯೇ ಎಂದಳು. ಯಾರೂ ನಗಲಿಲ್ಲ. ನರೇಶ ಚೀಲ ಮಡಚಿ ಕಿಸೆಗೆ ತುರುಕಿ, "ಪಂಚಕಜ್ಜಾಯ ಕೊಡಿ ಹಂಗಾದ್ರೆ," ಎಂದು ಕೂತುಬಿಟ್ಟ.

"ಅದಿರ್ಲಿ," ಎಂದ ದುರ್ಗಪ್ಪ. "ಕಡೆಗೂ ಅದು ಪುಸ್ತಕನಾ, ಕತ್ತಿಯಾ?"

ಹೊನ್ನಮ್ಮ ಅದನ್ನು ಆಗಲೇ ಯೋಚಿಸಿ ಇಟ್ಟಿದ್ದಳು. "ಎರಡೂ ಅಲ್ಲ. ಕೂತು ಕಥೆ ಕೇಳ್ತದೆ, ತಪ್ಪು ತಪ್ಪು ಬರೀತದೆ, ತಿದ್ದಿದ್ರೆ ಸಿಟ್ಟು ಮಾಡೂದಿಲ್ಲ. ಶಾಲೆಗೆ ಹೊಸದಾಗಿ ಸೇರ್ದ ಮಗು ಅದು. ನಾವು ಅದನ್ನ ಅಕ್ಕೋರು ಹೇಳಿ ತಿಳ್ಕಂಡದ್ದೇ ತಪ್ಪು. ಭಟ್ಟರೇ, ಅದನ್ನೂ ಸಾಲಿನಾಗೆ ಕೂರ್ಸಿ."

ಭಟ್ಟರು ಅಕ್ಕೋರ ಮುಖ ನೋಡಿದರು. ಅಕ್ಕೋರು ನಗುತ್ತ ತಲೆಯಾಡಿಸಿದರು. ಹಾಗೆ ಪಾಟಿಯನ್ನು ಅಕ್ಕಿಯ ತಟ್ಟೆಯ ಮುಂದೆ, ಸಣ್ಣ ಮಕ್ಕಳ ಸಾಲಿನಲ್ಲಿ ಗೋಡೆಗೆ ಒರಗಿಸಿ ಕೂರಿಸಿದರು. ಅದಕ್ಕೆ ಬೆರಳಿಲ್ಲವಾದ್ದರಿಂದ ಅದರ ಪರವಾಗಿ ಬೆಳ್ಳಿಯೇ ಅಕ್ಕಿಯಲ್ಲಿ 'ಓಂ' ಬರೆದಳು.

ಎಲ್ಲ ಮುಗಿದ ಮೇಲೆ ಹೊನ್ನಮ್ಮ ಪಾಟಿಯ ಮುಂದೆ ಬಗ್ಗಿ, ಇಷ್ಟು ದಿನ ಶಾರದೆಯ ಬುಡದಲ್ಲಿ ಕೂತದ್ದರ ಫಲ ಪರೀಕ್ಷಿಸಿದಳು. "ಎಂತೇ ಮಗಾ?"

ಪಾಟಿ ಯೋಚಿಸಿತು. ಎಲ್ಲರೂ ಕಾದರು.

'ಯಂತ್ರ ಮಗ,' ಎಂದು ಬರೆಯಿತು.

ಹೊನ್ನಮ್ಮನಿಗೆ ನಗು ತಡೆಯಲಾಗಲಿಲ್ಲ. ಬೆಳ್ಳಿ ಪಾಟಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಗಾಜಿನ ಮೇಲಿನ ಕುಂಕುಮವನ್ನು ಲಂಗದ ಅಂಚಿನಿಂದ ಮೆತ್ತಗೆ ಒರೆಸಿದಳು. ಬಾಗಿಲ ಹಿಂದೆ ಅಲ್ಲ, ಕೋಣೆಯ ನಟ್ಟನಡುವೆ ಕೂತಿದ್ದಳು.

"ನೀ ಸುಮ್ಗಿರೇ ಅಜ್ಜಿ, ನಗಾಡ್ಬೇಡ," ಎಂದಳು. "ಅದಿನ್ನೂ ಒಂದ್ನೇ ಇಯತ್ತೆ. ನಾ ಕಲಿಸ್ತೆ."